ಹೂದಾನಿಯ ಬುಡದ ಕೆಂಪು ಬರಹ

ನಮ್ಮ ಕಡೆ ಪಾತ್ರೆ ಕೊಟ್ಟರೆ ಹೆಸರು ಹಾಕಿಸಿಯೇ ಕೊಡುತ್ತಾರೆ. ತಂಬಿಗೆಯಾಗಲಿ ಕೊಡವಾಗಲಿ, ಅಂಗಡಿಯವನು ಮೊಳೆಯಂಥ ಉಳಿಯಿಂದ ಟಕಟಕ ಹೊಡೆದು ಕೊಟ್ಟವರ ಹೆಸರು ಮೂಡಿಸುತ್ತಾನೆ. ಮನೆ ಬೇರೆಯಾಗುವಾಗ ಜಗಳವಿಲ್ಲ. ಯಾರ ತವರಿನ ಹೆಸರಿದೆಯೋ ಆ ಪಾತ್ರೆ ಅವಳದು. ಮುದುಕಿಯಾದ ಮೇಲೆ ಅಕ್ಷರ ಕಲಿತವಳು ನಾನು. ಬಸ್ಸಿನ ಬೋರ್ಡು, ಪಾತ್ರೆಯ ಹೆಸರು, ಅಷ್ಟು ಓದಬಲ್ಲೆ.

ಹೋದ ವರ್ಷ ಮಸ್ಕಿಯ ನಮ್ಮ ಮನೆಯಲ್ಲಿ ಮಕ್ಕಳು ಒಲೆ ಬೇರೆ ಮಾಡಿಕೊಂಡರು. ನಾನೂ ನನ್ನ ನೆಗೆಣ್ಣಿಯೂ ಅಟ್ಟದ ಪಾತ್ರೆ ಇಳಿಸಿ ಹಂಚಿದೆವು. ಅವಳು ಆ ಮನೆಯ ಹಿರಿ ಸೊಸೆ, ನಾನು ಕಿರಿಯಳು. ಅವಳನ್ನು ಅಕ್ಕ ಎನ್ನುತ್ತೇನೆ. ಎಲ್ಲ ಮುಗಿದ ಮೇಲೆ ಒಂದು ಹೂದಾನಿ ಉಳಿಯಿತು. ಬಿಳಿ ಪಿಂಗಾಣಿ, ಮೇಲೆ ನೀಲಿ ಹೂಬಳ್ಳಿ, ಮೊಳದೆತ್ತರ. ನಾನು ಮದುವೆಯಾಗಿ ಬಂದಾಗಲೇ ಗೋಡೆಯ ಗೂಡಿನಲ್ಲಿತ್ತು. "ನಮ್ಮ ಮಾವ ನಿಜಾಮನ ಕಾಲದಾಗ ಹೈದರಾಬಾದಿನಿಂದ ತಂದಿದ್ದು" ಎಂದು ನಮ್ಮತ್ತೆ ಬಂದವರಿಗೆಲ್ಲ ಹೇಳುತ್ತಿದ್ದಳು. ಅತ್ತೆಯ ಆ ಮಾವನನ್ನು ನಾವಿಬ್ಬರೂ ನೋಡಿಲ್ಲ. ನಿಜಾಮನ ರಾಜ್ಯ ಇರುವಾಗಲೇ ಸತ್ತಿದ್ದನಂತೆ.

ಅಕ್ಕ ಹೂದಾನಿಯನ್ನು ಎದೆಗವಚಿಕೊಂಡು, "ಇದು ನಮ್ಮವ್ವ ಕೊಟ್ಟಿದ್ದು" ಎಂದಳು.

"ಇಷ್ಟ ವರ್ಸ ಬಾಯಿಗೆ ಏನಾಗಿತ್ತಬೇ?" ಎಂದೆ.

"ನೀ ಬರೋಕಿಂತ ಮೊದಲ ಹೇಳಿದ್ದೆ. ಸುಳ್ಳಿ ಅಂತ ಅತ್ತಿ ಸೌಟಿಲೆ ಹೊಡದಳು. ಮತ್ತ ಹೇಳಲಿಲ್ಲ."

ಅಕ್ಕನ ತವರು ಲಿಂಗಸುಗೂರು. ಅವಳ ಅವ್ವ ಗಂಡ ಸತ್ತ ಬಡವಿ. ಸೋದರಮಾವ ಮುಂಬೈ ಬಂದರಿನಲ್ಲಿ ಹಮಾಲಿ ಮಾಡುತ್ತಿದ್ದ. ಅವನು ತಂದುಕೊಟ್ಟ ಈ ಹೂದಾನಿಯೊಂದನ್ನೇ ಮಗಳ ಕೈಗಿಟ್ಟು ಕಳಿಸಿದಳಂತೆ. ನಮ್ಮತ್ತೆ ಸಾಯುವ ತನಕ ಅಕ್ಕನನ್ನು "ಕೈಬೀಸಿಕೊಂಡು ಬಂದಾಕಿ" ಎಂದೇ ಕರೆದಳು. ಮೊಮ್ಮಕ್ಕಳೂ ಅದನ್ನು ಕಲಿತು ನಗಾಡುತ್ತಿದ್ದರು. ಎಂಬತ್ತರ ಹತ್ತಿರ ಬಂದರೂ ಅಕ್ಕನಿಗೆ ಆ ಮಾತು ಸುಳ್ಳೆಂದು ಮನೆಯವರು ಒಪ್ಪಬೇಕಿತ್ತು. ಗಂಡಸರನ್ನು ಕೇಳಿದೆವು. "ಯಾವ ಹೂದಾನಿ?" ಎಂದರು.

ಬುಡ ತಿರುಗಿಸಿದರೆ ಕೆಂಪು ಬರಹ.

"ನೋಡು, ನಮ್ಮವ್ವ ಹೆಸರು ಹಾಕಿಸ್ಯಾಳ. ಮರಾಠಿ ಮಂದಿ ಬರಿಯೋ ಮೋಡಿ ಅಕ್ಷರ" ಎಂದಳು ಅಕ್ಕ.

"ಉರ್ದು ಇದ್ದೀತು ಅತ್ತಿ, ಮುತ್ತಜ್ಜನ ಹೆಸರು" ಎಂದಳು ಅವಳ ಸೊಸೆ.

ಪಕ್ಕದ ಮನೆಯ ಉರ್ದು ಮಾಸ್ತರರಿಗೆ ತೋರಿಸಿದೆವು. "ಇದು ಉರ್ದು ಆದ್ರ ನಾ ಇಷ್ಟ ವರ್ಸ ಹುಡುಗರಿಗೆ ಕಲಿಸಿದ್ದು ಏನ್ರೀ?" ಎಂದು ನಕ್ಕು, ಸಿಂಧನೂರಿನಲ್ಲಿ ಹಳೆಯ ಸಾಮಾನಿನ ಅಂಗಡಿಯವನ ಗುರುತು ಹೇಳಿದರು.

"ನಮ್ಮೂರ ಗುಡ್ಡದ ಬಂಡಿಗಲ್ಲಿನ ಮ್ಯಾಲಿನ ಹಳೇ ರಾಜನ ಬರಹ ಓದಾಕ ಎಲ್ಲೆಲ್ಲಿಂದೋ ಬಂದ್ರು. ಇದನ್ನ ಓದೋರು ಸಿಂಧನೂರಿನಾಗರ ಸಿಗಲಿ" ಎಂದಳು ಅಕ್ಕ. ಕೌದಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತಳು. "ಯವ್ವಾ, ಕೂಸಿನ ಮಾರಿ ತಗೀರಿ, ಗಾಳಿ ಆಡ್ಲಿ" ಎಂದ ಕಂಡಕ್ಟರ್.

ಅಂಗಡಿಯವನು ಹೂಬಳ್ಳಿಯ ಕಡೆ ನೋಡಲೇ ಇಲ್ಲ. ಮೊದಲು ಬುಡ ತಿರುಗಿಸಿದ. "ಅಮ್ಮಾ, ಇದು ಚೀನಾದ ಬರಹ. ಯಾರ ಹೆಸರೂ ಅಲ್ಲ. ಚೀನಾ ದೇಶದಾಗ ಇಂಥಾ ಊರಾಗ ಮಾಡಿದ್ದು ಅಂತ ಐತಿ. ಆ ಊರಿಗೆಲ್ಲಾ ಇದ ಕಸುಬು."

ಅಕ್ಕನ ಮುಖ ಸಣ್ಣದಾಯಿತು. "ಎಂದಿನ ಕಾಲದ್ದು?" ಎಂದು ನಾನು ಕೇಳಿದೆ.

ಅವನು ಕಪಾಟಿನಿಂದ ಒಂದು ಬಟ್ಟಲು ತಂದ. ಅದರ ಬುಡದಲ್ಲಿ ನೀಲಿ ಅಕ್ಷರ, ಎರಡು ಸಾಲು, ಕುಂಚದಿಂದ ಬರೆದದ್ದು. "ಮ್ಯಾಲಿಂದ ಕೆಳಗ, ಬಲದಿಂದ ಎಡಕ್ಕ ಓದಬೇಕು. ಇದ್ರಾಗ ಒಬ್ಬ ರಾಜನ ಹೆಸರೈತಿ."

"ಹಂಗಾರ ಆ ರಾಜನ ಕಾಲದ್ದು."

"ಅಲ್ಲೇ ಎಲ್ಲಾರೂ ಬೀಳೋದು ನೋಡ್ರಿ. ರಾಜ ಸತ್ತು ಎಷ್ಟೋ ಜಮಾನಾ ಆದ ಮ್ಯಾಲೂ ಕುಂಬಾರರು ಅವನ ಹೆಸರ ಬರೀತಿದ್ರು, ಹಿರಿಯರಿಗೆ ಮರ್ಯಾದಿ ಅಂತ. ಬರೇ ಹೆಸರ ನಂಬಬಾರದು. ಕೈಬರಹ ನೋಡಬೇಕು, ಬುಡದ ಮಣ್ಣು ನೋಡಬೇಕು."

ಬಟ್ಟಲನ್ನು ನನ್ನ ಕೈಗೆ ಕೊಟ್ಟ. ಒಂದು ಗೆರೆಯ ಕೊನೆಯಲ್ಲಿ ನೀಲಿ ತೆಳ್ಳಗಾಗಿತ್ತು. ಬರೆಯುವವನು ಕುಂಚ ಎತ್ತಿದ ಜಾಗ. ಯಾರ ಕೈಯೋ, ಯಾವ ದೇಶವೋ! ಆ ಕೈ ಎತ್ತಿದ್ದು ಈಗ ತಾನೇ ಅನ್ನಿಸಿತು. ದೇವರ ಗುಡಿಯಲ್ಲೂ ನನಗೆ ಹಾಗೆ ಮೈ ಜುಮ್ಮೆಂದಿಲ್ಲ.

ನಮ್ಮ ಹೂದಾನಿಗೆ ಬಂದ. ಕಾಗದದ ಮೇಲೆ ಒಂದೇ ಅಕ್ಷರವನ್ನು ಎರಡು ಥರ ಬರೆದು ತೋರಿಸಿದ. "ಮೊದಲ ಹಿಂಗಿತ್ತು, ಗೆರಿ ಗಿಜಿಗಿಜಿ. ಆಮ್ಯಾಲ ಅಲ್ಲಿನ ಸರಕಾರ ಗೆರಿ ಕಡಿಮಿ ಮಾಡ್ತು, ಓದು ಬರದ ಮಂದಿ ಲಗೂ ಕಲೀಲಿ ಅಂತ. ನಿಮ್ಮದ್ರಾಗ ಎಲ್ಲಾ ಕಡಿಮಿ ಗೆರಿ ಅಕ್ಷರ ಅದಾವ. ಇದು ನಿಜಾಮನ ರಾಜ್ಯ ಹೋದ ಮ್ಯಾಲಿಂದು, ಪಕ್ಕಾ."

ನಾನು ಎರಡೂ ಅಕ್ಷರಗಳನ್ನು ನೋಡುತ್ತಲೇ ನಿಂತೆ. 'ಋ' ಬರೆಯಲು ನಾನು ಪಟ್ಟ ಪಾಡು ನನಗೆ ಗೊತ್ತು. ಅಷ್ಟು ದೂರದ ದೇಶದಲ್ಲಿ ನನ್ನಂಥವರಿಗಾಗಿ ಅಕ್ಷರದ ಗೆರೆಗಳನ್ನೇ ತೆಗೆದಿದ್ದರು. ತೆಗೆದ ಗೆರೆ ಕಾಣುವುದಿಲ್ಲ, ಆದರೆ ಕಾಲ ಹೇಳುತ್ತದೆ. ನಮ್ಮತ್ತೆಯ ಸುಳ್ಳನ್ನೂ ಅದೇ ಹಿಡಿಯಿತು. ಸತ್ತ ಮಾವ ಎದ್ದು ಬಂದು ಹೂದಾನಿ ತರಲಾರ.

ಅಂಗಡಿಯವನು ಹೂದಾನಿಯನ್ನು ಅಕ್ಕನ ಕೈಗೆ ಕೊಟ್ಟು, "ಬ್ಯಾಸರ ಮಾಡ್ಕೋಬ್ಯಾಡ್ರಿ ಅಮ್ಮಾ, ಭಾಳ ಹಳೇದಲ್ಲ" ಎಂದ.

"ಇನ್ನೊಮ್ಮಿ ಹೇಳ್ರಿ" ಎಂದು ನಕ್ಕಳು ಅಕ್ಕ.

"ಹಳೇದಲ್ಲ."

"ಜೋರಾಗಿ ಹೇಳ್ರಿ. ಈಕಿಗೆ ಕೇಳಲಿ."

"ನಾ ಕಿವುಡಿ ಅಲ್ಲ" ಎಂದೆ. "ನಿಮ್ಮವ್ವ ಕೊಟ್ಟಿದ್ದು ಖರೇ. ಅತ್ತಿ ಸುಳ್ಳ ಹೇಳ್ಯಾಳ."

"ಹಳೇದಲ್ಲ ಅಂದ್ರ ನಗೋ ಗಿರಾಕಿನ ಇವತ್ತ ನೋಡಿದೆ" ಎಂದ ಅಂಗಡಿಯವನು.

ತಿರುಗಿ ಬರುವಾಗ ಮಸ್ಕಿ ಬಂತು. ನಾನು ಎದ್ದೆ, ಅಕ್ಕ ಏಳಲಿಲ್ಲ.

"ಈ ಬಸ್ಸು ಲಿಂಗಸುಗೂರಿಗೆ ಹೋಗ್ತೈತಿ. ನಮ್ಮ ತಮ್ಮ ಇನ್ನ ಅದಾನ. ಅವ್ವ ಕೊಟ್ಟಿದ್ದು ಅಂತ ಒಬ್ಬರು ಒಪ್ಯಾರ ಅಂತ ಹೇಳಿ ಬರ್ತೀನಿ."

"ಮನ್ಯಾಗಿನ ಮಂದಿಗೆ?"

"ನೀ ಹೇಳು. ನನ್ನ ಬಾಯಿಂದ ಅವರು ಕೇಳಂಗಿಲ್ಲ."

ಕಂಡಕ್ಟರನನ್ನು ಕೂಗಿ ಇನ್ನೊಂದು ಪುಕ್ಕಟೆ ಟಿಕೆಟ್ ಹರಿಸಿಕೊಂಡಳು. ನಾನು ಇಳಿದು ಮನೆಗೆ ಹೋಗಿ ಚಪ್ಪಲಿ ಬಿಡುವ ಮೊದಲೇ ಎಲ್ಲರನ್ನೂ ಪಡಸಾಲೆಗೆ ಕರೆದೆ.