ಕಂಕುಳ ಸಾಹುಕಾರರ ಹೆಂಡತಿ

ಗರಡಿ ಮನೆಯ ಬಾಗಿಲು ಹೆಂಗಸರಿಗಲ್ಲ. ಕಾಟನ್‌ಪೇಟೆಯಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಒಳಗಿನ ಕೆಮ್ಮಣ್ಣಿಗೆ ಬೆರೆಸುವ ಅರಿಸಿನ ಕುಟ್ಟಬೇಕಾದವರು ಹೆಂಗಸರು, ಪೈಲ್ವಾನರಿಗೆ ಬಾದಾಮಿ ಅರೆದು ಹಾಲು ಕಾಯಿಸಬೇಕಾದವರು ಹೆಂಗಸರು, ಅವರ ಬೆವರಿನ ಲಂಗೋಟಿ ಒಗೆದು ಹರವಬೇಕಾದವರೂ ಹೆಂಗಸರೇ. ಹೊಸ್ತಿಲು ದಾಟಿದರೆ ಮಾತ್ರ ಒಳಗಿನ ಆಂಜನೇಯನಿಗೆ ಮೈಲಿಗೆ. ಉಸ್ತಾದ್ ರೇವಣಸಿದ್ದಯ್ಯನವರ ಒಬ್ಬಳೇ ಮಗಳು ಶಿವಕುಮಾರಿ ಆ ಹೊಸ್ತಿಲನ್ನು ಯಾವತ್ತೂ ದಾಟಲಿಲ್ಲ. ಅವಳಿಗಾಗಿ ಅಪ್ಪನೇ ಒಂದು ಗುಂಡುಕಲ್ಲನ್ನು ಗರಡಿಯಿಂದ ಹಿತ್ತಲಿಗೆ ಉರುಳಿಸಿಕೊಂಡು ಬಂದರು.

ಅದಕ್ಕೆ ಕಾರಣ ಒಂದು ಹಂಡೆ. ಹುಡುಗಿ ತುಂಬಿದ ತಾಮ್ರದ ಹಂಡೆಯನ್ನು ಒಬ್ಬಳೇ ಒಲೆಯಿಂದ ಇಳಿಸುತ್ತಿದ್ದುದನ್ನು ರೇವಣಸಿದ್ದಯ್ಯ ಕಂಡರು. ಬೇರೆ ಅಪ್ಪನಾಗಿದ್ದರೆ ಗದರುತ್ತಿದ್ದ. ಅವರು ನೋಡಿದ್ದು ಅವಳ ಬೆನ್ನನ್ನು.

“ಬೆನ್ನಿಂದ ಎತ್ಬೇಡ, ಸೊಂಟ ಹೋಗುತ್ತೆ. ಕೂತ್ಕೊ, ಎದೆಗೆ ಅಪ್ಕೊ, ತೊಡೆಯಿಂದ ಏಳು” ಎಂದರು.

ಅಲ್ಲಿಂದ ಶುರುವಾಯಿತು. ಬೆಳಗ್ಗೆ ಗರಡಿಯ ಹುಡುಗರು ಸಾಮು ಮುಗಿಸಿ ಹೋದಮೇಲೆ ಹಿತ್ತಲಲ್ಲಿ ಮಗಳ ಸರದಿ. ಸೀರೆಯ ಕಚ್ಚೆ ಹಾಕಿ ಬಸ್ಕಿ ಹೊಡೆಯುವುದು, ದಂಡ ತೆಗೆಯುವುದು, ಕಲ್ಲನ್ನು ಮೊಣಕಾಲಿಗೆ, ಎದೆಗೆ, ಕೊನೆಗೆ ಹೆಗಲಿಗೆ ಏರಿಸುವುದು. ನೆಂಟರೊಬ್ಬರು ಇದೇನು ವಿಪರೀತ ಎಂದು ಕೇಳಿದಾಗ ಅವರು ಮಗಳ ಕೊರಳಿನ ಶಿವದಾರ ತೋರಿಸಿದರು. “ಕೊರಳಿಗೆ ಲಿಂಗ ಕಟ್ಟುವಾಗ ಗಂಡು ಹೆಣ್ಣು ಅಂತ ನೋಡ್ಲಿಲ್ಲ. ಕಲ್ಲಿಗೆ ಎಲ್ಲಿಂದ ಬಂತು ಆ ಭೇದ?” ನೆಂಟರು ಉತ್ತರ ಕೊಡದೆ ಎದ್ದುಹೋದರು. ಆದರೆ ಹೋಗುತ್ತ ದಾರಿಯುದ್ದಕ್ಕೂ ಕೊಟ್ಟರು.

ಗೋಡೆಯಾಚೆ ಇಣುಕಿದವರಿಗೆ ಅವಳು ಗಂಡುಬೀರಿಯಾದಳು. ಅವಳ ತೋಳು ದಪ್ಪ, ನಡಿಗೆ ನೆಟ್ಟಗೆ, ತಲೆ ತಗ್ಗಿಸುವುದಿಲ್ಲ. ಇಷ್ಟು ಸಾಕಲ್ಲವೇ ಒಂದು ಹುಡುಗಿಗೆ ಸಂಬಂಧ ತಪ್ಪಲು? ಬಂದವರು ಕಾಫಿ ಕುಡಿದು ಹೋಗುತ್ತಿದ್ದರು, ತಿರುಗಿ ಸುದ್ದಿ ಇಲ್ಲ. ಕಡೆಗೆ ಯುದ್ಧದ ನಡುವೆ, ಸೀಮೆಎಣ್ಣೆಗೂ ಸಾಲು ನಿಲ್ಲುತ್ತಿದ್ದ ಕಾಲದಲ್ಲಿ, ಬೆಲ್ಲದ ಮಂಡಿಯ ಶಂಭುಲಿಂಗಪ್ಪನವರಿಗೆ ಎರಡನೇ ಸಂಬಂಧವಾಗಿ ಅವಳನ್ನು ಕೊಟ್ಟರು. ಅವರಿಗೆ ಮೂವತ್ತೈದು ದಾಟಿತ್ತು, ಮೊದಲ ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಮಂಡಿ ಕಾಟನ್‌ಪೇಟೆಯಲ್ಲಿ, ಮನೆ ಚಾಮರಾಜಪೇಟೆಯಲ್ಲಿ.

ಶಂಭುಲಿಂಗಪ್ಪ ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮುಂದೆ ಅವರ ಮೇಲೆ ಸಿಟ್ಟು ಬರುತ್ತದೆ. ಮದುವೆಯಾದ ಹೊಸದರಲ್ಲಿ ಒಂದು ಮಧ್ಯಾಹ್ನ ಉಗ್ರಾಣದ ಕೋಣೆಗೆ ಅವಳನ್ನು ಕರೆದು, ಚಿಲಕ ಹಾಕಿ, ಬೆಲ್ಲದ ಮೂಟೆ ತೋರಿಸಿ, “ಎತ್ತು ನೋಡೋಣ” ಎಂದರು. ಅವಳು ಕೂತು, ಅಪ್ಪಿಕೊಂಡು, ಎದ್ದು ನಿಂತಳು. ಅವರು ಬಾಯಿಗೆ ಪಂಚೆ ಅಡ್ಡ ಇಟ್ಟುಕೊಂಡು ನಕ್ಕರು. ಅದು ಗೇಲಿಯಲ್ಲ, ಸಂತೋಷ ಎಂದು ಅವಳಿಗೆ ಗೊತ್ತಾಯಿತು.

“ಬಿಡ್ಬೇಡ ಇದನ್ನ. ದಿನಾ ಇಲ್ಲೇ ಮಾಡು. ಅಮ್ಮಂಗೆ ಮಾತ್ರ ಗೊತ್ತಾಗೋದು ಬೇಡ” ಎಂದರು.

ಅವತ್ತಿನಿಂದ ಅವಳ ಗರಡಿ ಆ ಉಗ್ರಾಣ. ಅತ್ತೆ ಗುರುಬಸಮ್ಮನವರಿಗೆ ಗೊತ್ತಾಗದೆ ಇರುತ್ತದೆಯೇ? ವರ್ಷಗಳು ಕಳೆದು ಬಸಿರು ನಿಲ್ಲದಿದ್ದಾಗ ಅವರು ಎಲ್ಲರೆದುರೂ ಅಂದರು: “ಭಾರ ಎತ್ತಿ ಎತ್ತಿ ಗರ್ಭ ಜಾರಿಸ್ಕೊಂಡಿದಾಳೆ.” ಮೊದಲ ಹೆಂಡತಿ ಒಂದು ತೆಂಗಿನಕಾಯಿ ಕೂಡ ಎತ್ತದೆ ಎಂಟು ವರ್ಷ ಬಾಳಿ ಮಕ್ಕಳಿಲ್ಲದೆ ಹೋಗಿದ್ದಳಲ್ಲ ಎಂಬುದು ಆ ಮನೆಯಲ್ಲಿ ಯಾರ ನೆನಪಿಗೂ ಬರಲಿಲ್ಲ. ಶಂಭುಲಿಂಗಪ್ಪನವರ ನೆನಪಿಗೆ ಬಂದಿರಬಹುದು. ಬಂದರೂ ಬಾಯಿ ಬಿಡಲಿಲ್ಲ.

ಐವತ್ತೆರಡನೇ ಇಸವಿಯ ಬೇಸಿಗೆಯಲ್ಲಿ ಮಂಡಿಯ ಗದ್ದುಗೆಯ ಮೇಲೆ ಕೂತಿದ್ದಾಗಲೇ ಅವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು, ಬಾಯಿ ಸೊಟ್ಟಗಾಯಿತು. ದೊಡ್ಡ ಆಳು. ಮಂಡಿಯ ಹಮಾಲಿಗಳು ಜಟಕಾದಲ್ಲಿ ಹಾಕಿಕೊಂಡು ಬಂದು ಪಡಸಾಲೆಯಲ್ಲಿ ಮಲಗಿಸಿದರು. ಡಾಕ್ಟರು ಬಂದು ನೋಡಿ ಶಿವಕುಮಾರಿಯನ್ನು ಪಕ್ಕಕ್ಕೆ ಕರೆದರು.

“ಔಷಧಿ ಅರ್ಧ ಕೆಲಸ ಮಾಡುತ್ತೆ ತಾಯಿ. ದಿನಾ ಎಬ್ಬಿಸಿ ಕೂರಿಸ್ಬೇಕು, ನಿಲ್ಲಿಸ್ಬೇಕು. ಮಲಗಿದಲ್ಲೇ ಬಿಟ್ರೆ ಬೆನ್ನು ಹುಣ್ಣಾಗುತ್ತೆ, ಎದೆ ಕಟ್ಟುತ್ತೆ. ಆಮೇಲೆ ಉಳಿಯೋದು ಕಷ್ಟ. ಇಷ್ಟು ದೊಡ್ಡ ಮನುಷ್ಯರನ್ನ ಎತ್ತೋಕೆ ಮನೇಲಿ ಗಂಡಸರು ಯಾರಿದಾರೆ?”

“ನಾನಿದೀನಿ” ಎಂದಳು.

ಡಾಕ್ಟರು ಅವಳ ಮುಖ ನೋಡಿದರು, ಆಮೇಲೆ ತೋಳು ನೋಡಿದರು, ಔಷಧಿಯ ಚೀಟಿ ಬರೆದು ಅವಳ ಕೈಗೇ ಕೊಟ್ಟರು.

ಅಪ್ಪ ಮೂಳೆ ಮುರಿದ ಪೈಲ್ವಾನರನ್ನು ಮತ್ತೆ ನೆಲದ ಮೇಲೆ ನಿಲ್ಲಿಸುತ್ತಿದ್ದ ಬಗೆಯನ್ನು ಅವಳು ಕಿಟಕಿಯಿಂದ ನೋಡಿಯೇ ಕಲಿತಿದ್ದಳು. ಬೆಳಗ್ಗೆ ಎಳ್ಳೆಣ್ಣೆ ಬಿಸಿಮಾಡಿ ಸತ್ತ ಕೈಕಾಲಿಗೆ ತಿಕ್ಕುವಳು. ತೊಲೆಯಿಂದ ಹಗ್ಗ ಇಳಿಬಿಟ್ಟು ಎಡಗೈಯಲ್ಲಿ ಹಿಡಿಸುವಳು. ತಾನು ಕೂತು, ಅವರನ್ನು ಎದೆಗೆ ಅಪ್ಪಿಕೊಂಡು, ತೊಡೆಯಿಂದ ಎದ್ದು ನಿಲ್ಲಿಸುವಳು. ಒಳಂಗಳದ ತೊಟ್ಟಿ ದಾಟಿ ಬಚ್ಚಲಿಗೆ ಹೊತ್ತು ಸ್ನಾನ ಮಾಡಿಸುವಳು. ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡರೆ ಬಲಗೈಗೆ ತನ್ನ ಕೈ ಸೇರಿಸಿ ಪತ್ರೆ ಏರಿಸುವಳು. ಮೊದಮೊದಲು ಶಂಭುಲಿಂಗಪ್ಪ ನಾಚಿಕೆಯಿಂದ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಆಮೇಲೆ ಆಮೇಲೆ ತಾವೇ ಎಡಗೈಯನ್ನು ಮುಂದೆ ಚಾಚತೊಡಗಿದರು. ಮಳೆಗಾಲ ಬರುವ ಹೊತ್ತಿಗೆ ಮಾತು ಅರ್ಧಂಬರ್ಧ ಮರಳಿತು. ಗೋಡೆಗೆ ಒರಗಿ, ಒಲೆಯ ಮೇಲಿನ ಹಾಲು ಉಕ್ಕುವಷ್ಟು ಹೊತ್ತು ನಿಲ್ಲುತ್ತಿದ್ದರು. ಶ್ರಾವಣ ಕಳೆದರೆ ಕೋಲು ಹಿಡಿದು ನಡೆಯುತ್ತಾರೆ ಎಂದು ಡಾಕ್ಟರು ಹೇಳಿದರು. ಅವಳಿಗೆ ಅಷ್ಟು ಸಂತೋಷ ಬಾಳಿನಲ್ಲಿ ಹಿಂದೆಂದೂ ಆಗಿರಲಿಲ್ಲ.

ಆ ದಿನಗಳಲ್ಲೇ ಒಂದು ಬೆಳಗ್ಗೆ ಪಕ್ಕದ ಮಂಡಿಯ ಗಂಗಾಧರಯ್ಯ ಸ್ನೇಹಿತನನ್ನು ನೋಡಲು ಬಂದರು. ಬೀದಿ ಬಾಗಿಲು ತೆರೆದಿತ್ತು. ಒಳಗೆ ಕಾಲಿಟ್ಟವರು ಹಾಗೇ ನಿಂತರು. ತೊಟ್ಟಿಯಲ್ಲಿ ಶಿವಕುಮಾರಿ ಗಂಡನನ್ನು ಬಚ್ಚಲಿಂದ ಎತ್ತಿಕೊಂಡು ಬರುತ್ತಿದ್ದಳು, ಗಂಡ ಏನೋ ತೊದಲಿ ನಗುತ್ತಿದ್ದರು. ಗಂಗಾಧರಯ್ಯ ಸದ್ದಿಲ್ಲದೆ ಹಿಂದಿರುಗಿ, ಆಮೇಲೆ ಕೆಮ್ಮುತ್ತ ಮತ್ತೆ ಒಳಗೆ ಬಂದು, ಏನೂ ನೋಡದವರಂತೆ ಕುಶಲ ಕೇಳಿದರು. ಅಷ್ಟು ಮರ್ಯಾದಸ್ಥರು.

ಆದರೆ ಮಂಡಿಗೆ ಹೋದಮೇಲೆ ಬಾಯಿ ಸುಮ್ಮನಿರಲಿಲ್ಲ. ಹೇಳಿದ್ದು ಮೆಚ್ಚುಗೆಯಿಂದಲೇ. “ಹೆಂಡ್ತಿ ಅಂದ್ರೆ ಹಂಗಿರ್ಬೇಕು ಕಣ್ರಯ್ಯ, ಕೂಸಿನ ಥರ ಕಂಕುಳಲ್ಲಿ ಎತ್ಕೊಂಡು ಓಡಾಡ್ತಾಳೆ” ಎಂದರು. ಕೇಳಿದವರಿಗೆ ಕಿವಿಗೆ ಬಿದ್ದದ್ದು ಕಂಕುಳು ಒಂದೇ. ಸಂಜೆಯ ಹೊತ್ತಿಗೆ ಬೆಲ್ಲದ ಸಾಲಿನಲ್ಲೆಲ್ಲ ಶಂಭುಲಿಂಗಪ್ಪನವರು ಕಂಕುಳ ಸಾಹುಕಾರರಾದರು. ಪೇಟೆಯ ಮಂದಿಗೆ ಇಂಥದ್ದರಲ್ಲಿ ಮಹಾ ಚುರುಕು. ಬೆಲ್ಲ ತೂಗುವಾಗ ಆ ಚುರುಕು ಕಾಣಿಸುವುದಿಲ್ಲ.

ಇಷ್ಟೇ ಆಗಿದ್ದರೆ ಮನೆಯವರೆಗೆ ಬರುತ್ತಿರಲಿಲ್ಲವೋ ಏನೋ. ಪೇಟೆಯಲ್ಲಿ ಮನೆತನಗಳಿಗೆಲ್ಲ ಒಂದೊಂದು ಅಡ್ಡಹೆಸರು ಇರುತ್ತದೆ: ಎಣ್ಣೆ, ತಕ್ಕಡಿ, ಹಗ್ಗ, ದೊಡ್ಡಬಾಗಿಲು. ಅದನ್ನು ಹೇಳಿದರೇ ಮನೆ ಸಿಗುವುದು. ಮತ್ತಿಕೆರೆ ಕಡೆಯಿಂದ ಹೊಸದಾಗಿ ಬೆಲ್ಲ ತರುತ್ತಿದ್ದ ಗಾಡಿಯವನು ದೊಡ್ಡಬೈರಪ್ಪ, ಮಂಡಿಯಲ್ಲಿ ಕೇಳಿಸಿಕೊಂಡ ಹೆಸರನ್ನು ಮನೆತನದ ಹೆಸರೆಂದೇ ತಿಳಿದ. ಹೊಸ ಬೆಲ್ಲದ ಎರಡು ಅಚ್ಚು ಮನೆಗೆ ಕೊಟ್ಟು ಹೋಗೋಣವೆಂದು ಚಾಮರಾಜಪೇಟೆಗೆ ಬಂದ. ಪಡಸಾಲೆಯ ಕಿಟಕಿಯ ಹೊರಗೆ ನಿಂತು, ಪೇಟ ತೆಗೆದು ಕೈಯಲ್ಲಿ ಹಿಡಿದು, ಬಹಳ ಗೌರವದಿಂದ ಕೇಳಿದ.

“ಬುದ್ಧೀ, ಕಂಕುಳ ಸಾಹುಕಾರ್ರ ಮನೆ ಇದೇ ಅಲ್ವರಾ?”

ಕಿಟಕಿಯ ಒಳಗೆ ಗೋಡೆಗೆ ಒರಗಿ ಶಂಭುಲಿಂಗಪ್ಪ ನಿಂತಿದ್ದರು. ಪಕ್ಕದಲ್ಲಿ ಶಿವಕುಮಾರಿ.

ಏನು ಹೆಸರು ಎಂದು ಅವರು ತೊದಲಿದರು. ಬೈರಪ್ಪ ಇನ್ನೊಮ್ಮೆ, ಇನ್ನೂ ಸ್ಪಷ್ಟವಾಗಿ ಹೇಳಿ, “ಮಂಡೀಲೆಲ್ಲ ಹಂಗೇ ಅಂತಾರೆ ಬುದ್ಧೀ” ಎಂದ. ಆ ಬಡಪಾಯಿಯ ತಪ್ಪು ಏನೂ ಇಲ್ಲ. ಅಚ್ಚು ಬೆಲ್ಲ ಕಿಟಕಿಯಲ್ಲಿಟ್ಟು ಕೈಮುಗಿದು ಹೋದ. ಶಂಭುಲಿಂಗಪ್ಪ ಗೋಡೆಗುಂಟ ಜಾರಿ ಹಾಸಿಗೆಯ ಮೇಲೆ ಕುಸಿದರು. ಹಿಡಿಯಲು ಹೋದ ಅವಳ ಕೈಯನ್ನು ಎಡಗೈಯಿಂದ ತಳ್ಳಿದರು.

ಮಾರನೆಯ ದಿನದಿಂದ, ಶಂಭುಲಿಂಗಪ್ಪನವರೇ ಹೇಳಿಕಳಿಸಿದ್ದರಿಂದ, ಮಂಡಿಯ ಹಮಾಲಿ ರಾಮಾಂಜಿನಪ್ಪ ಇನ್ನೊಬ್ಬನನ್ನು ಕರೆದುಕೊಂಡು ಬೆಳಗ್ಗೆ, ಸಂಜೆ ಬರತೊಡಗಿದ. ಕೈಕಾಲು ಹಿಡಿದು ಎತ್ತುವುದು, ಬಚ್ಚಲಿಗೆ ಒಯ್ಯುವುದು, ತಂದು ಹಾಕುವುದು. ಮೂಟೆ ಹೊತ್ತ ಕೈಗೆ ಇನ್ನೇನು ಗೊತ್ತಿರುತ್ತದೆ? ನಿಲ್ಲಿಸಿದರೆ ಬೀಳುತ್ತಾರೆಂಬ ಹೆದರಿಕೆಗೆ ಹಮಾಲಿಗಳು ನಿಲ್ಲಿಸಲೇ ಇಲ್ಲ. ಗುರುಬಸಮ್ಮ ಸ್ಟೂಲು ಹಾಕಿಸಿ ತೊಲೆಯ ಹಗ್ಗ ಬಿಚ್ಚಿಸಿದರು. “ಮನೆ ಮಾನ ಹೋಗಿದ್ದು ಸಾಕು ಕಣೇ” ಎಂದರು.

ಅವಳು ಬೇಡಿಕೊಂಡಳು. ತಲೆ ತಗ್ಗಿಸದವಳು ಅವತ್ತು ಗಂಡನ ಕಾಲ ಬಳಿ ಕೂತು ಬೇಡಿಕೊಂಡಳು.

“ರೀ, ಬಾಗಿಲು ಹಾಕ್ಕೋತೀನಿ. ಕಿಟಕಿನೂ ಹಾಕ್ತೀನಿ. ಉಗ್ರಾಣದಲ್ಲಿ ನಾನು ಎತ್ತೋವಾಗ ನೀವೇ ನಗ್ತಿರ್ಲಿಲ್ವಾ? ಯಾರಿಗೂ ಗೊತ್ತಾಗಲ್ಲ.”

“ಗೊತ್ತಾಯ್ತಲ್ಲ” ಎಂದರು ಅವರು. ಆ ಒಂದು ಮಾತು ಮಾತ್ರ ತೊದಲದೆ ಬಂತು.

“ಡಾಕ್ಟರು ಏನು ಹೇಳಿದಾರೆ ಮರೆತ್ರಾ? ಮಲಗಿದ್ರೆ ಉಳಿಯಲ್ಲ ಅಂದಿದಾರೆ.”

“ಗಂಡಸಾಗಿ ಸಾಯ್ತೀನಿ, ಬಿಡು.”

ಎಂಥ ಮಾತು! ಪೇಟೆಯ ನಾಲ್ಕು ಜನ ಬೀಡಿ ಸೇದುತ್ತ ಆಡಿದ ಒಂದು ತಮಾಷೆಗೆ ಇವರು ಬೆಲೆಯಾಗಿ ಕೊಡಲು ಹೊರಟದ್ದು ತಮ್ಮ ಜೀವವನ್ನು. ಅವಳಿಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ಹಿಡಿದು ಎತ್ತಿಬಿಡಬಹುದಿತ್ತು, ಅವರು ಬೇಡವೆಂದರೂ. ಅಷ್ಟು ಬಲವಿತ್ತು ಅವಳಿಗೆ. ಆದರೆ ಬೇಡವೆಂದವರನ್ನು ಬಲವಂತದಿಂದ ಎತ್ತಿದರೆ ಅವರು ನಿಜವಾಗಿಯೂ ಕೂಸೇ ಆಗಿಬಿಡುತ್ತಾರೆ ಎಂದುಕೊಂಡು ಕೈ ಹಿಂದೆಗೆದಳು. ಅದು ಸರಿಯೋ ತಪ್ಪೋ, ಅವಳಿಗೆ ಕಡೆಯವರೆಗೂ ತಿಳಿಯಲಿಲ್ಲ.

ದಸರೆಯ ಹೊತ್ತಿಗೆ ಬೆನ್ನಿನಲ್ಲಿ ಹುಣ್ಣು ಬಿದ್ದವು. ಅವುಗಳನ್ನು ತೊಳೆದು ಮುಲಾಮು ಹಚ್ಚಲು ಅವಳ ಕೈ ಆಗುತ್ತಿತ್ತು. ಮಗ್ಗುಲು ತಿರುಗಿಸಲು ಮಾತ್ರ ರಾಮಾಂಜಿನಪ್ಪನೇ ಬರಬೇಕು. ಹಬ್ಬಕ್ಕೆ ಮಂಡಿಯಲ್ಲಿ ಕೆಲಸ ಹೆಚ್ಚಾಗಿ ಅವನು ಬಾರದ ಒಂದು ಬೆಳಗ್ಗೆ ಶಂಭುಲಿಂಗಪ್ಪ ತಾವೇ ಹಾಸಿಗೆಯಿಂದ ಉರುಳಿ, ಎಡ ಮೊಣಕೈ ಊರಿಕೊಂಡು ತೊಟ್ಟಿಯ ಕಡೆಗೆ ತೆವಳತೊಡಗಿದರು. ಅವಳು ಅಡುಗೆಮನೆಯಿಂದ ಓಡಿಬಂದಳು. ಅವರು ತಲೆಯೆತ್ತಿ, “ಬರ್ಬೇಡ” ಎಂದರು.

ಅವಳು ಕಂಬ ಹಿಡಿದು ನಿಂತಳು. ಗುರುಬಸಮ್ಮ ದೇವರ ಕೋಣೆಯ ಬಾಗಿಲಲ್ಲಿ ನಿಂತು ಸೆರಗು ಬಾಯಿಗಿಟ್ಟುಕೊಂಡರು. ಆ ಮನೆಯ ಇಬ್ಬರು ಹೆಂಗಸರೂ ನೋಡುತ್ತಿದ್ದಂತೆ ಅಷ್ಟು ದೊಡ್ಡ ಮನುಷ್ಯ ಬಚ್ಚಲಿನವರೆಗೆ ತೆವಳಿಕೊಂಡು ಹೋಗಿ, ತಣ್ಣೀರು ಹೊಯ್ದುಕೊಂಡು, ಅಲ್ಲೇ ಬಿದ್ದಿದ್ದರು. ರಾಮಾಂಜಿನಪ್ಪ ಬಂದದ್ದು ಹೊತ್ತು ಏರಿದ ಮೇಲೆ. ಅಂದೇ ಜ್ವರ ಬಂತು, ಎದೆ ಕಟ್ಟಿತು. ಕಾರ್ತಿಕದ ಒಂದು ಸೋಮವಾರ ಬೆಳಗಿನ ಜಾವ ತೀರಿಕೊಂಡರು.

ವೈಯಾಲಿಕಾವಲಿನ ನೆಂಟರಿಗಾಗಿ, ತುಮಕೂರಿನಿಂದ ಬರಬೇಕಾದ ಶಂಭುಲಿಂಗಪ್ಪನವರ ಅಕ್ಕನಿಗಾಗಿ ಕಾದದ್ದರಲ್ಲಿ ಮಧ್ಯಾಹ್ನವಾಯಿತು. ಲಿಂಗವಂತರ ಹೆಣವನ್ನು ಮಲಗಿಸಿ ಒಯ್ಯುವಂತಿಲ್ಲ. ಕೂರಿಸಬೇಕು, ಎಡಗೈಯಲ್ಲಿ ಲಿಂಗವಿಟ್ಟು, ಹೂವಿನಿಂದ ಸಿಂಗರಿಸಿದ ವಿಮಾನದಲ್ಲಿ ಕೂರಿಸಿಯೇ ರುದ್ರಭೂಮಿಗೆ ಕರೆದೊಯ್ಯಬೇಕು. ಮೊದಲೇ ಕೂರಿಸಬೇಕಿತ್ತು, ಗಲಾಟೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಈಗ ಮೈ ಬಿಗಿದುಕೊಂಡಿತ್ತು. ಗಂಗಾಧರಯ್ಯ, ರಾಮಾಂಜಿನಪ್ಪ, ಮಂಡಿಯ ಇನ್ನೂ ಮೂರು ನಾಲ್ಕು ಜನ ಸೇರಿ ಎತ್ತಿ ಗೋಡೆಗೆ ಒರಗಿಸಿದರು. ಜಾರಿತು. ಮತ್ತೆ ಎತ್ತಿದರು. ತಲೆ ಗೋಡೆಗೆ ಬಡಿದ ಸದ್ದು ಒಳಗಿನ ಕೋಣೆಯಲ್ಲಿ ಹೆಂಗಸರ ನಡುವೆ ಕೂತಿದ್ದ ಶಿವಕುಮಾರಿಗೆ ಕೇಳಿಸಿತು.

ಗುರುಬಸಮ್ಮ ಬಾಗಿಲಿಗೆ ಬಂದು ನಿಂತರು. ಕಣ್ಣು ಬಾತುಹೋಗಿದ್ದವು.

“ಎದ್ದು ಬಾರೇ, ಕುಮಾರಿ. ಇವರ ಕೈಲಿ ಆಗ್ತಿಲ್ಲ. ನೀನೇ ಎತ್ತು.”

ಅವಳು ಬಂದಳು. ಗಂಡಸರು ಸರಿದು ಜಾಗ ಬಿಟ್ಟರು. ಅಷ್ಟು ಜನರಲ್ಲಿ ಒಬ್ಬರಿಗೂ ಅದು ತಮಾಷೆ ಎನಿಸಲಿಲ್ಲ, ಮನೆ ಮಾನ ಹೋಗುತ್ತದೆ ಎಂದು ಯಾರೂ ಅನ್ನಲಿಲ್ಲ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೂತು, ಗಂಡನನ್ನು ಎದೆಗೆ ಅಪ್ಪಿಕೊಂಡು ಎದ್ದಳು. ಏಳುವಾಗ ತನ್ನ ಬಲವೇ ಹೆಚ್ಚಾಗಿ ಹಿಂದಕ್ಕೆ ವಾಲಿ ತಡವರಿಸಿದಳು. ಅವರ ಹಳೆಯ ಭಾರಕ್ಕೆ ಸಿದ್ಧವಾಗಿದ್ದ ತೋಳುಗಳಲ್ಲಿ ಈಗ ಅರ್ಧ ಮನುಷ್ಯನೂ ಇರಲಿಲ್ಲ. ದಿನವೂ ಹುಣ್ಣು ತೊಳೆದ ಕಣ್ಣಿಗೆ ಅವರು ಇಳಿದುಹೋದದ್ದು ಗೊತ್ತಿತ್ತು, ತೋಳಿಗೆ ಗೊತ್ತಿರಲಿಲ್ಲ. ಅಲ್ಲಿಯವರೆಗೆ ಅಳದವಳಿಗೆ ಅಳು ಒತ್ತರಿಸಿ ಬಂತು.

ಕಾಲುಗಳನ್ನು ಮೆಲ್ಲನೆ ಒತ್ತಿ ಮಡಿಸಿ ಪದ್ಮಾಸನ ಹಾಕಿಸಿ, ಬೆನ್ನಿನ ಹುಣ್ಣು ಗೋಡೆಗೆ ತಾಗದಂತೆ ನಡುವೆ ತನ್ನ ಕೈ ಇಟ್ಟು ಕೂರಿಸಿದಳು. ಸತ್ತವರಿಗೆ ನೋವೆಲ್ಲಿಯದು, ಆದರೂ ಇಟ್ಟಳು. ಕ್ರಿಯೆ ಮಾಡಿಸುವ ಜಂಗಮ ಅಯ್ಯನವರು ದೇಹ ಜಾರದಂತೆ ವಸ್ತ್ರ ಕಟ್ಟಲು ಬಂದಾಗ ಗಂಗಾಧರಯ್ಯ ಮುಂದೆ ಬಾಗಿ, “ಬಿಡಿ ತಾಯಿ, ಇನ್ನು ನಾವು ಹಿಡ್ಕೋತೀವಿ” ಎಂದರು.

“ಇಷ್ಟು ದಿನ ನೀವೇ ಹಿಡ್ಕೊಂಡಿದ್ರಲ್ಲ” ಎಂದಳು ಶಿವಕುಮಾರಿ.

ಗಂಗಾಧರಯ್ಯ ಹಿಂದೆ ಸರಿದರು. ಅಯ್ಯನವರು ಅವಳ ಕೈಯನ್ನು ಇದ್ದಲ್ಲೇ ಇರಲು ಬಿಟ್ಟು ಸುತ್ತಲೂ ವಸ್ತ್ರ ಕಟ್ಟಿದರು.