ಎಲ್ಲರೂ ಮೇಲೆ ನೋಡುವಾಗ ಕೆಳಗೆ ನೋಡುವ ರಾಗ್ನಿ

ಬೆಳಗಿನ ಆರು ಗಂಟೆ. ಬೆಳಗು ಅನ್ನುವುದು ಗಡಿಯಾರದ ಮರ್ಯಾದೆ ಉಳಿಸಲಿಕ್ಕೆ ಮಾತ್ರ. ಡಿಸೆಂಬರಿನಲ್ಲಿ ಸೂರ್ಯ ಭೂಮಿಯ ಉತ್ತರ ತುದಿಯ ಈ ಕಡಲಿನ ಕಡೆ ತಲೆಯನ್ನೇ ಹಾಕುವುದಿಲ್ಲ. 'ತೈಸ್ತ' ಹಡಗಿನ ಮುಂದಿನ ಡೆಕ್ಕಿನಲ್ಲಿ ಮರದ ಸುತ್ತಿಗೆಯ ಸದ್ದು ಕೇಳುತ್ತಿದೆ. ರಾಗ್ನಿ ಐಲರ್ಟ್‌ಸೆನ್ ಕಂಬಿಗಳ ಮೇಲೆ ರಾತ್ರಿಯೆಲ್ಲ ಕೂತ ಮಂಜುಗಡ್ಡೆಯನ್ನು ಹೊಡೆದು ಉದುರಿಸುತ್ತಿದ್ದಾರೆ. ಬಿದ್ದದ್ದನ್ನು ಗುದ್ದಲಿಯಂಥ ಸಲಿಕೆಯಿಂದ ಕೆರೆದು ಕಡಲಿಗೆ ತಳ್ಳುತ್ತಾರೆ. ಕಬ್ಬಿಣದ ಸುತ್ತಿಗೆಯಾದರೆ ಕೆಲಸ ಬೇಗ ಆಗುವುದಿಲ್ಲವೇ ಎಂದರೆ, "ಆಗುತ್ತೆ. ಕಂಬಿ ಬಣ್ಣಾನೂ ಹೋಗುತ್ತೆ, ಕೆಳಗೆ ಮಲಗಿರೋರ ನಿದ್ದೇನೂ ಹೋಗುತ್ತೆ" ಅನ್ನುತ್ತಾರೆ.

ಈ ಹಡಗಿಗೆ ಜನ ಬರುವುದೇ ರಾತ್ರಿಯ ಆಕಾಶದಲ್ಲಿ ತಾನಾಗಿ ಹೊಳೆಯುವ ಉತ್ತರದ ಬೆಳಕು ನೋಡಲಿಕ್ಕೆ. ಆಕಾಶದಲ್ಲಿ ಹಸಿರು ಕಂಡದ್ದೇ ತಡ, ಧ್ವನಿವರ್ಧಕ ಕೂಗುತ್ತದೆ. ಬೆಳಕು ಚೆನ್ನಾಗಿ ಕಾಣಲೆಂದು ಡೆಕ್ಕಿನ ದೀಪಗಳನ್ನೆಲ್ಲ ಆರಿಸುತ್ತಾರೆ. ಊಟ ಮಾಡುತ್ತಿದ್ದವರು ಚಮಚ ಬಿಟ್ಟು, ಸ್ನಾನ ಮಾಡುತ್ತಿದ್ದವರು ಒದ್ದೆ ತಲೆಯಲ್ಲೇ ಓಡಿ ಬರುತ್ತಾರೆ. ಸುತ್ತ ಕತ್ತಲೆ, ಕಾಲಡಿ ಮಂಜುಗಡ್ಡೆ, ಕಣ್ಣು ಆಕಾಶದಲ್ಲಿ. ಸೊಂಟ ಮುರಿಯುವುದಕ್ಕೆ ಇನ್ನೇನು ಬೇಕು? ಆ ಹೊತ್ತಿನಲ್ಲಿ ತಲೆ ತಗ್ಗಿಸಿ ಅಷ್ಟೂ ಜನರ ಕಾಲು ಕಾಯುವವರು ರಾಗ್ನಿ ಒಬ್ಬರೇ. ಅಡುಗೆಮನೆಯ ಮುಖ್ಯಸ್ಥ ಉದ್‌ವಾರ್ ಇದನ್ನು ನೆನೆದಾಗೆಲ್ಲ ಕೆಣಕುತ್ತಾನೆ: "ಊರಿಗೇ ಒಂದು ದಾರಿ ಆದ್ರೆ ಎಡವಟ್ಟರಿಗೇ ಒಂದು ದಾರಿ. ದುಡ್ಡು ಕೊಟ್ಟು ಬಂದೋರು ಆಕಾಶ ನೋಡ್ತಾರೆ, ಪುಕ್ಕಟೆ ಬಂದ ಇವಳು ಚಪ್ಪಲಿ ನೋಡ್ತಾಳೆ."

ರಾಗ್ನಿ ಸೇನ್ಯಾ ದ್ವೀಪದ ಮೀನುಗಾರರ ಮಗಳು. ವಯಸ್ಸು ಐವತ್ತು ದಾಟಿದೆ. ಊರಿನ ಮೀನು ಕೊಯ್ಯುವ ಶೆಡ್ಡಿನಲ್ಲಿ ಕೈ ಮರಗಟ್ಟುವವರೆಗೂ ದುಡಿದರು. ಶೆಡ್ಡು ಮುಚ್ಚಿತು, ಹಡಗಿಗೆ ಬಂದು ತಟ್ಟೆ ತೊಳೆದರು. ಆಮೇಲೆ ಡೆಕ್ಕಿನ ಕೆಲಸಕ್ಕೆ ಹೆಸರು ಕೊಟ್ಟರು. ಆಗ ಹಡಗಿನ ಗಂಡಸರು ಒಳಗೊಳಗೇ ನಕ್ಕರು. ಈಗ ಅವರಲ್ಲಿ ಅರ್ಧ ಜನ ನಿವೃತ್ತರು, ರಾಗ್ನಿ ಇನ್ನೂ ಇಲ್ಲೇ ಇದ್ದಾರೆ.

ಡೆಕ್ಕಿನ ಮೊದಲ ಚಳಿಗಾಲದಲ್ಲೇ ಬೆಳಕು ನೋಡಲು ಬಂದ ಒಬ್ಬ ಮೇಷ್ಟ್ರು ಅವರ ಕಣ್ಣೆದುರು ಜಾರಿಬಿದ್ದು ತೊಡೆ ಮುರಿದುಕೊಂಡರು. "ನಾನು ಪಕ್ಕದಲ್ಲಿ ಮಂಡಿಯೂರಿ ಗೊಳೋ ಅಂತ ಅಳ್ತಿದೀನಿ. ಅಂಗಾತ ಬಿದ್ದಿರೋ ಪುಣ್ಯಾತ್ಮ ಏನಂದ ಗೊತ್ತಾ? 'ಸ್ವಲ್ಪ ಆ ಕಡೆ ಸರಿಯಮ್ಮ, ನಿನ್ನ ತಲೆ ಅಡ್ಡ ಬರ್ತಿದೆ.' ಸ್ಟ್ರೆಚರ್ ಬರೋವರೆಗೂ ಆಕಾಶ ನೋಡಿದ. ಅವನಿಗೆ ಬೇಜಾರಿರಲಿಲ್ಲ. ನಂಗಿತ್ತು. ಇವತ್ತಿಗೂ ಇದೆ." ಹೇಳುವಾಗ ರಾಗ್ನಿ ನಗುತ್ತಾರೆ, ಹೇಳಿ ಮುಗಿಸಿ ಕಂಬಿಗೆ ಇನ್ನೆರಡು ಏಟು ಹೆಚ್ಚಿಗೆ ಹಾಕುತ್ತಾರೆ. ನಡೆಯುವವರು ಎಡವದೆ ಕೂತವರು ಎಡವುತ್ತಾರೆಯೇ ಎಂದು ಯಾರಾದರೂ ಸಮಾಧಾನ ಹೇಳಿದರೆ ಅವರಿಗೆ ಹಿಡಿಸುವುದಿಲ್ಲ.

ಆವತ್ತಿನಿಂದ ಅವರದೊಂದು ಪದ್ಧತಿ ಇದೆ. ಡೆಕ್ ಸಿದ್ಧ ಅನ್ನುವ ಮೊದಲು ಜಾರದಂತೆ ಅಡಿಗೆ ಕಬ್ಬಿಣದ ಮುಳ್ಳಿರುವ ಬೂಟು ಕಳಚಿ, ಹಡಗಿನ ಕೋಣೆಗಳಲ್ಲಿ ಇಟ್ಟಿರುವ ಬಟ್ಟೆಯ ಚಪ್ಪಲಿ ಮೆಟ್ಟಿಕೊಂಡು ತಾವೇ ಇಡೀ ಡೆಕ್ ನಡೆಯುತ್ತಾರೆ. "ಬೂಟು ಹಾಕ್ಕೊಂಡು ನೋಡಿದ್ರೆ ಬೂಟು ಪಾಸಾಗುತ್ತೆ ಅಷ್ಟೆ. ಜನ ಬೂಟು ಹುಡುಕ್ತಾ ಕೂರ್ತಾರಾ? ಸಿಕ್ಕಿದ್ದು ಮೆಟ್ಕೊಂಡು ಓಡಿಬರ್ತಾರೆ."

ಈ ದಿನ ಮಾತ್ರ ಆ ಚಪ್ಪಲಿಗೂ ಧೈರ್ಯ ಸಾಲದು. ಈ ಪ್ರಯಾಣದಲ್ಲಿ ಇಲ್ಲಿಯವರೆಗೆ ಬರೀ ಮೋಡ. ಇವತ್ತು ಸಂಜೆ ಆಕಾಶ ತಿಳಿಯಾಗುತ್ತದೆ ಎಂಬ ಸುದ್ದಿ ಬಂದಿದೆ, ರಾತ್ರಿ ಹಡಗು ಆ ಬೆಳಕು ಕಾಣದ ದಕ್ಷಿಣಕ್ಕೆ ತಿರುಗುತ್ತದೆ. ಅಂದರೆ ಇರುವುದು ಇದೊಂದೇ ಸಂಜೆ. ಅಷ್ಟರಲ್ಲಿ ಮಧ್ಯಾಹ್ನ ಮಳೆಯೂ ಅಲ್ಲದ, ಹಿಮವೂ ಅಲ್ಲದ ಒಂದು ದರಿದ್ರ ಸುರಿದು, ಬಿದ್ದಲ್ಲೇ ಗಾಜಿನಂತೆ ಗಟ್ಟಿಯಾಗುತ್ತದೆ. ಬೆಳಿಗ್ಗೆಯಿಂದ ಕೆರೆದದ್ದೆಲ್ಲ ನೀರಿನಲ್ಲಿ ಹೋಮ.

ಕ್ಯಾಪ್ಟನ್ ಯೋರುನ್ ಬಾಗಿಲಲ್ಲಿ ನಿಂತು ನೋಡುತ್ತಾನೆ. ಉತ್ತರದ ಜನ ಕ್ಯಾಪ್ಟನ್ನನ್ನೂ ಏಕವಚನದಲ್ಲೇ ಮಾತಾಡಿಸುತ್ತಾರೆ.

"ಬೀಗ ಹಾಕಿಬಿಡ್ತೀನಿ ರಾಗ್ನಿ. ಒಳಗಿಂದ ಗಾಜಿನಲ್ಲಿ ನೋಡ್ಲಿ."

"ಗಾಜಿನಲ್ಲಿ ಏನು ಕಾಣುತ್ತೆ? ಅವರವರ ಮೂತಿ ಅವರಿಗೇ ಕಾಣುತ್ತೆ."

"ಯಾರಾದ್ರೂ ಬಿದ್ರೆ ಜವಾಬ್ದಾರಿ ನಂದು."

"ಸಂಜೆವರೆಗೂ ಟೈಮ್ ಕೊಡು. ಆಗಲ್ಲ ಅಂದ್ರೆ ನಾನೇ ಬೀಗ ಹಾಕ್ತೀನಿ."

ಯೋರುನ್ ತಲೆಯಾಡಿಸಿ ಒಳಗೆ ಹೋಗುತ್ತಾನೆ. ಅವನ ಬೆನ್ನ ಹಿಂದೆಯೇ ಒಬ್ಬ ಮುದುಕಿ ಊರುಗೋಲು ಹಿಡಿದು ಇಣುಕುತ್ತಾರೆ. ಡೆನ್ಮಾರ್ಕಿನ ಆಗ್ನೆತೆ, ವಯಸ್ಸು ಎಂಬತ್ತೊಂದು. ಹಿಂದೊಮ್ಮೆ ಇದೇ ಹಡಗಿನಲ್ಲಿ ಬಂದು ಮೋಡ ನೋಡಿಕೊಂಡು ಹೋದವರು. "ಬಾಗಿಲು ತೆಗೀತೀಯಾ?" ಎಂದು ಕೇಳುತ್ತಾರೆ. "ಮೂರನೇ ಸಲ ಬರೋ ಕಾಲು ಅಲ್ಲ ಇವು." ರಾಗ್ನಿ ಆ ಕಾಲುಗಳನ್ನು ನೋಡುತ್ತಾರೆ. ಊದಿದ ಪಾದ, ಬಟ್ಟೆಯ ಚಪ್ಪಲಿ. ತೆಗೀತೀನಿ ಅಂತ ಮಾತು ಕೊಡುವುದಿಲ್ಲ. "ಒಳಗೆ ಹೋಗಿ ಬೆಚ್ಚಗಿರಿ" ಅನ್ನುತ್ತಾರೆ, ಅಷ್ಟೆ.

ಉಪ್ಪು ಸುರಿದರೆ ಅರ್ಧ ಕರಗಿ ರೊಚ್ಚೆಯಾಗಿ ಇನ್ನೂ ಜಾರುತ್ತದೆ. ಒಣ ಮರಳು ಚೆಲ್ಲಿದರೆ ಈ ಗಾಳಿಗೆ ನಿಲ್ಲುವುದಿಲ್ಲ. ರಾಗ್ನಿ ಬಕೆಟ್ ಹಿಡಿದು ನೇರ ಅಡುಗೆಮನೆಗೆ ಇಳಿಯುತ್ತಾರೆ. ಕುದಿಯುವ ನೀರಿನಲ್ಲಿ ಮರಳು ಕಲಸಿ ಮಂಜುಗಡ್ಡೆಯ ಮೇಲೆ ಎರಚಿದರೆ ಪ್ರತಿ ಕಾಳೂ ತನ್ನ ಜಾಗವನ್ನು ಕರಗಿಸಿಕೊಂಡು ಒಳಗೆ ಕೂರುತ್ತದೆ, ಆಮೇಲೆ ಅಲ್ಲೇ ಹೆಪ್ಪುಗಟ್ಟುತ್ತದೆ. ಅವರ ಊರಲ್ಲಿ ಕಡಿದಾದ ರಸ್ತೆಗೆ ಮಾಡುವುದೇ ಹೀಗೆ.

"ನನ್ನ ಸೂಪಿನ ನೀರು ಕಣೇ ಅದು," ಉದ್‌ವಾರ್ ಅಡ್ಡ ನಿಲ್ಲುತ್ತಾನೆ.

"ನಿನ್ನ ಸೂಪು ನೀರೇ ತಾನೆ. ಒಂದು ಬಕೆಟ್ ಕಮ್ಮಿ ಆದ್ರೆ ಮೀನಿನ ರುಚಿ ಆದ್ರೂ ಸಿಗುತ್ತೆ."

"ಬಾಯಿ ನೋಡು ಇವಳದ್ದು," ಎನ್ನುತ್ತಲೇ ಅವನು ಇನ್ನೊಂದು ದೊಡ್ಡ ಪಾತ್ರೆಯನ್ನು ಒಲೆಗೆ ಏರಿಸುತ್ತಾನೆ.

ಹತ್ತಿ ಇಳಿದು, ಹತ್ತಿ ಇಳಿದು ರಾಗ್ನಿ ಬೆವರುತ್ತಾರೆ. ಬೆವರು ಕಾಲರಿನ ಮೇಲೆ ಗಟ್ಟಿಯಾಗುತ್ತದೆ. ನಡುವೆ ಕಂದು ಚೀಸ್ ಸುತ್ತಿದ ಲೆಫ್ಸೆ ರೊಟ್ಟಿಯೊಂದನ್ನು ನಿಂತಲ್ಲೇ ತಿಂದು ಮುಗಿಸುತ್ತಾರೆ. ಬೇಸರ ಬರುವುದಿಲ್ಲವೇ ಈ ಕೆಲಸ? "ಯಾರೂ ಬೀಳದೇ ಇದ್ರೆ ಯಾರಿಗೂ ಗೊತ್ತಾಗಲ್ಲ, ನಾನು ಕೆಲಸ ಮಾಡಿದೀನಿ ಅಂತ. ಗೊತ್ತಾಗದೇ ಇರೋ ಹಾಗೆ ಮಾಡೋದೇ ಕೆಲಸ." ಅಂದವರು ಬಕೆಟ್ ಎತ್ತಿಕೊಳ್ಳುತ್ತಾರೆ.

ಸಂಜೆಯ ಊಟದ ಹೊತ್ತಿಗೆ ಮೋಡ ಹರಿಯುತ್ತದೆ, ದಡದ ಬೆಟ್ಟಗಳ ಮೇಲೆ ಹಸಿರು ಬಣ್ಣದ ಒಂದು ಗೆರೆ ಮೂಡುತ್ತದೆ. ಯೋರುನ್ ಓಡಿ ಬರುತ್ತಾನೆ. ರಾಗ್ನಿ ಆಗಲೇ ಬಟ್ಟೆಯ ಚಪ್ಪಲಿ ಮೆಟ್ಟಿದ್ದಾರೆ. ಅವನ ಕೈಗೂ ಒಂದು ಜೊತೆ ಕೊಡುತ್ತಾರೆ. ಇಬ್ಬರೂ ಅಕ್ಕಪಕ್ಕ ನಡೆಯುತ್ತಾರೆ. ಕಾಲಡಿ ಮರಳು ಕರಕರ ಅನ್ನುತ್ತದೆ, ಹಿಡಿತ ಬಿಡುವುದಿಲ್ಲ. ಎಡಗಡೆಯ ಮೂಲೆಯೊಂದರಲ್ಲಿ ಮಾತ್ರ ರಾಗ್ನಿಯ ಹಿಮ್ಮಡಿ ಸರ್ರೆಂದು ಸರಿಯುತ್ತದೆ. ಅಲ್ಲಿಗೆ ಅಡ್ಡವಾಗಿ ಹಗ್ಗ ಬಿಗಿಯುತ್ತಾರೆ.

"ಏನಂತೀಯಾ?" ಯೋರುನ್ ಕೇಳುತ್ತಾನೆ.

"ತೆಗಿ ಬಾಗಿಲು."

ದೀಪಗಳು ಆರುತ್ತವೆ, ಜನ ನುಗ್ಗುತ್ತಾರೆ. ತಲೆಗಳೆಲ್ಲ ಒಟ್ಟಿಗೆ ಹಿಂದಕ್ಕೆ ವಾಲುತ್ತವೆ. ಒಬ್ಬ ಕ್ಯಾಮೆರಾ ಎತ್ತಿಕೊಂಡು ಹಿಂದೆ ಹಿಂದೆ ನಡೆಯುತ್ತ ಹಗ್ಗದ ಹತ್ತಿರ ಬಂದಾಗ ರಾಗ್ನಿ ಅವನ ಕಾಲರು ಹಿಡಿದು ಪಕ್ಕಕ್ಕೆ ನಿಲ್ಲಿಸುತ್ತಾರೆ. ಅವನಿಗೆ ಯಾರು ಹಿಡಿದರೆಂಬುದೂ ಗೊತ್ತಾಗುವುದಿಲ್ಲ. ಆಗ್ನೆತೆ ಹೊಸ್ತಿಲಲ್ಲೇ ಅನುಮಾನಿಸುತ್ತಾರೆ. ಒಂದು ಕಾಲು ಇಟ್ಟು ನೋಡುತ್ತಾರೆ, ಇನ್ನೊಂದು ಇಡುತ್ತಾರೆ, ಡೆಕ್ಕಿನ ನಡುವಿನವರೆಗೂ ಬಂದುಬಿಡುತ್ತಾರೆ. ಅಲ್ಲಿ ನಿಂತು ಊರುಗೋಲನ್ನು ರಾಗ್ನಿಯ ಕೈಗೆ ಕೊಟ್ಟು, ಎರಡೂ ತೋಳು ಎತ್ತಿ ಆಕಾಶಕ್ಕೆ ಬೀಸತೊಡಗುತ್ತಾರೆ. ಕೆನ್ನೆಯ ಮೇಲೆ ನೀರು ಹರಿಯುತ್ತಿದೆ.

"ಹಾಗೆ ಬೀಸಬಾರ್ದು," ರಾಗ್ನಿ ಮೆಲ್ಲಗೆ ಹೇಳುತ್ತಾರೆ. "ಬೀಸಿದ್ರೆ ಬೆಳಕು ಇಳಿದು ಬಂದು ಎತ್ಕೊಂಡು ಹೋಗುತ್ತೆ ಅಂತಿದ್ಲು ನಮ್ಮಜ್ಜಿ."

"ಎಂಬತ್ತೊಂದಕ್ಕೆ ಅದೇನೂ ಕೆಟ್ಟ ಸಾವಲ್ಲ ಬಿಡು."

"ಎತ್ಕೊಂಡು ಹೋದ್ರೆ ಅದು ಆಕಾಶದ ಜವಾಬ್ದಾರಿ. ನನ್ನ ಡೆಕ್ಕಲ್ಲಿ ಜಾರಿ ಮಾತ್ರ ಬೀಳಲ್ಲ ನೀವು. ಬೀಸಿ."

ಆಗ್ನೆತೆ ಬೀಸುತ್ತಾರೆ. ರಾಗ್ನಿ ಊರುಗೋಲನ್ನು ಕಂಕುಳಲ್ಲಿ ಇಟ್ಟುಕೊಂಡು ಆ ಊದಿದ ಪಾದಗಳನ್ನೇ ನೋಡುತ್ತ ನಿಲ್ಲುತ್ತಾರೆ. ಜನ ಓಹೋ ಎಂದು ಕೂಗಿದಾಗಲೂ ಕತ್ತು ಎತ್ತುವುದಿಲ್ಲ.

ಕೊನೆಯವರು ಒಳಗೆ ಹೋದ ಮೇಲೆ ಬಕೆಟ್ ಹಿಂದಿರುಗಿಸಲು ಅಡುಗೆಮನೆಗೆ ಇಳಿಯುತ್ತಾರೆ. ಅಲ್ಲಿ ಕಿಟಕಿಯೇ ಇಲ್ಲ. ಉದ್‌ವಾರ್ ಸೂಪಿನ ಪಾತ್ರೆ ತಿಕ್ಕುತ್ತ ತಲೆ ಎತ್ತುತ್ತಾನೆ.

"ಹೇಗಿತ್ತೇ ಬೆಳಕು?"

"ನಂಗೇನು ಗೊತ್ತು. ಕಾಲಿನ ವಿಷಯ ಕೇಳು, ಹೇಳ್ತೀನಿ. ಒಂದೂ ಜಾರಲಿಲ್ಲ."