ಬಾಗಿಲ ಹಾಳೆಯಲ್ಲಿ ನನ್ನ ಸಹಿ

ದೆವ್ವ-ಭೂತದ ಮಾತು ಬಂದರೆ ನಗುತ್ತಿದ್ದವಳು ನಾನು. ನರ್ಸ್ ಆಗಿ ಎಷ್ಟೋ ಹೆಣಗಳನ್ನು ಒರೆಸಿ ಬಟ್ಟೆ ಸುತ್ತಿದ್ದೇನೆ. ಒಂದೂ ಎದ್ದು ಬಂದು ನನ್ನನ್ನು ಮಾತಾಡಿಸಿಲ್ಲ. ಹಾಗಾಗಿ ಇದನ್ನು ಬರೆಯಲು ನನಗೇ ನಾಚಿಕೆ. ನೀವು ನಂಬಲೇಬೇಕೆಂದು ನಾನೂ ಹೇಳುವುದಿಲ್ಲ.

ಮೆರ್ಸ್ ಎಂಬ ಜ್ವರ ಅಬುಧಾಬಿಗೆ ಹೊಸದಾಗಿ ಕಾಲಿಟ್ಟ ದಿನಗಳು. ಒಂಟೆಯಿಂದ ಬರುತ್ತದಂತೆ, ಗಾಳಿಯಲ್ಲೇ ಬರುತ್ತದಂತೆ ಎಂದು ಬಾಯಿಗೊಂದು ಮಾತು. ನಮ್ಮ ಆಸ್ಪತ್ರೆಯ ಇಬ್ಬರು ನರ್ಸ್‌ಗಳಿಗೆ ಆಗಲೇ ತಗಲಿತ್ತು, ಒಬ್ಬಳು ವೆಂಟಿಲೇಟರಿನಲ್ಲಿದ್ದಳು. ನನ್ನ ಮಗಳಿಗೆ ಐದು ತಿಂಗಳು, ಎದೆಹಾಲು ಬಿಟ್ಟರೆ ಬೇರೇನೂ ಮುಟ್ಟುತ್ತಿರಲಿಲ್ಲ. ಜೀವ ಕೈಯಲ್ಲಿ ಹಿಡಿದುಕೊಂಡು ಡ್ಯೂಟಿಗೆ ಹೋಗುತ್ತಿದ್ದೆ.

ಆ ಶುಕ್ರವಾರ ಪ್ರತ್ಯೇಕ ಕೋಣೆಯಲ್ಲಿದ್ದವನು ಹನುಮಪ್ಪ, ಕೊಪ್ಪಳದ ಕಡೆಯವನು, ಒಂಟೆ ತೋಟದ ಕೆಲಸಗಾರ. ಕನ್ನಡ ಬಿಟ್ಟು ಬೇರೆ ಭಾಷೆ ಬಾರದು. ವಾರ್ಡಿನಲ್ಲಿ ಕನ್ನಡ ಬಲ್ಲವಳು ನಾನೊಬ್ಬಳೇ. ಅವನು ಉಳಿಯುವುದಿಲ್ಲ, ಏನೋ ಹೇಳುತ್ತಿದ್ದಾನೆ, ಹತ್ತು ನಿಮಿಷ ಹೋಗಿ ಮಾತಾಡು ಎಂದು ಚಾರ್ಜ್ ಸಿಸ್ಟರ್ ಲೀಲಾಮ್ಮ ಬೇಡಿಕೊಂಡರು. ಪಾಪ, ಮಲಯಾಳಿ ಹೆಂಗಸು, ಅವರಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ.

ಒಳಗೆ ಹೋಗುವವರು ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ ಹೆಸರು, ಹೊತ್ತು ಬರೆದು ಸಹಿ ಹಾಕಬೇಕಿತ್ತು. ಮುಂದೆ ಯಾರ್ಯಾರನ್ನು ಬೇರೆ ಇಟ್ಟು ಪರೀಕ್ಷಿಸಬೇಕೆಂದು ಅದರಿಂದಲೇ ತಿಳಿಯುವುದು. ಪೆನ್ನು ಹಿಡಿದೆ. ಗಾಜಿನಾಚೆ ಅವನ ತುಟಿ ಅಲ್ಲಾಡುತ್ತಿತ್ತು. ಮಗು ನೆನಪಾಯಿತು, ಏನೂ ಬರೆಯದೆ ಪೆನ್ನು ಇಟ್ಟುಬಿಟ್ಟೆ. ಮಾಸ್ಕ್ ಮುಖಕ್ಕೆ ಸರಿಯಾಗಿ ಕೂರುತ್ತಿಲ್ಲ ಎಂದೆ. ಶುದ್ಧ ಸುಳ್ಳು.

ಮೂರಕ್ಕೆ ಡ್ಯೂಟಿ ಮುಗಿದದ್ದೇ ಖಾಲಿದಿಯಾ ಬಡಾವಣೆಯ ನಮ್ಮ ಮನೆಗೆ ಓಡಿದೆ. ನಾಲ್ಕು ಗಂಟೆಗೆ ಮಗು ನನ್ನ ಮಡಿಲಲ್ಲಿ ಹಾಲು ಕುಡಿಯುತ್ತಿತ್ತು. ಗಂಡ ವಿಲ್ಸನ್ ಎದುರಿಗೇ ಕೂತಿದ್ದ. ಹನುಮಪ್ಪ ನಾಲ್ಕೂವರೆಗೆ ತೀರಿಕೊಂಡ.

ಮಾರನೆಯ ದಿನ ಆ ಹಾಳೆಯನ್ನು ನನ್ನ ಮುಂದಿಟ್ಟರು. ನನ್ನ ಹೆಸರು, ಒಳಗೆ 3.50, ಹೊರಗೆ 4.40. ನನ್ನದೇ ಅಕ್ಷರ, ನನ್ನದೇ ಸಹಿ. ನಾನು ಹೋಗಿಲ್ಲವೆಂದು ಜಗಳಕ್ಕೇ ನಿಂತೆ.

"ಇದೇನು ಹೀಗೆ ಹೇಳ್ತೀ?" ಎಂದು ಇಂಗ್ಲಿಷಿನಲ್ಲಿ ಕೇಳಿದರು ಲೀಲಾಮ್ಮ. "ನೀನು ತಿರುಗಿ ಬಂದಾಗ ಗೌನಿನ ದಾರ ಕಟ್ಟಿದ್ದು ನಾನೇ ಅಲ್ವಾ?"

ಸುಳ್ಳು ಹೇಳುವ ಹೆಂಗಸಲ್ಲ ಅವರು. ನಾನು ಮೂರೂ ಐದಕ್ಕೆ ಕಾರ್ಡ್ ಒತ್ತಿ ಹೊರಬಿದ್ದದ್ದು ಯಂತ್ರದಲ್ಲಿತ್ತು. ಮತ್ತೆ ಒಳಬಂದದ್ದು ಇರಲಿಲ್ಲ. "ಇವಳು ಮನೆಯಲ್ಲೇ ಇದ್ದಳು ಮಾರಾಯ್ರೆ" ಎಂದು ವಿಲ್ಸನ್ ಬಂದು ಬಡಕೊಂಡ. ಸಹಿ ಇದೆಯಲ್ಲ, ಖಲಾಸ್ ಎಂದರು ಆಸ್ಪತ್ರೆಯವರು. ಹದಿನಾಲ್ಕು ದಿನ ಒಂದು ಕೋಣೆಯಲ್ಲಿ ನನ್ನೊಬ್ಬಳನ್ನೇ ಇಟ್ಟರು. ಮಗು ಬಾಟಲಿ ನೂಕಿ ಅಳುವುದು ಫೋನಿನಲ್ಲಿ ಕೇಳುತ್ತಿತ್ತು. ನಾನು ಹಾಲು ಹಿಂಡಿ ಬೇಸಿನ್ನಿಗೆ ಚೆಲ್ಲಿ ಅಳುತ್ತಿದ್ದೆ. ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ.

ಎಂಟನೆಯ ದಿನ ಊರಿನಿಂದ ಒಂದು ಕರೆ ಬಂತು. ಹನುಮಪ್ಪನ ಹೆಂಡತಿ. ವಾರ್ಡಿನವರೇ ನನ್ನ ನಂಬರ್ ಕೊಟ್ಟಿದ್ದರಂತೆ.

"ಅಕ್ಕಾರ, ಅವತ್ತ ಅವರ ಫೋನ್ ಚಾಲೂ ಇತ್ರಿ. ನಾ ಎಲ್ಲಾ ಕೇಳೀನಿ. ನೀರ ಕುಡಿಸಿದ್ರಿ, ನಮ್ಮ ಮಗಳ ಹೆಸರ ಅವರ ಬಾಯಿಂದ ಹೇಳಿಸಿದ್ರಿ. ಅಂಜಬ್ಯಾಡ, ನಾ ಇಲ್ಲೇ ಅದೀನಿ ಅಂದ್ರಿ. ಆ ಊರಾಗ ಅವರು ಒಬ್ಬರ ಸಾಯಲಿಲ್ಲ, ಅಷ್ಟ ಸಾಕು ನನಗ. ನಿಮ್ಮ ಹೊಟ್ಟಿ ತಣ್ಣಗಿರಲಿ. ನೀವ ಅಲ್ರಿ ಅದು?"

ಅಲ್ಲ ಎನ್ನಲು ಬಾಯಿ ತೆರೆದೆ. "ನೀವ ಅಲ್ರಿ?" ಎಂದು ಅವಳು ಮತ್ತೆ ಕೇಳಿದಳು.

"ಹೌದಮ್ಮ, ನಾನೇ" ಎಂದೆ.

ನಾನು ಹೇಳಿದ್ದು ಸುಳ್ಳೋ ನಿಜವೋ, ಇವತ್ತಿಗೂ ನನಗೆ ಗೊತ್ತಿಲ್ಲ.